ಕಪ್ಪು ಗಾಜು ಬಿಚ್ಚದೆ ತೆಗೆದ ಫೋಟೋ

ಅರಸೀಕೆರೆ

ನಮ್ಮ ಮಸ್ಕತ್ತಿನ ಕನ್ನಡ ಸಂಘದ ವಾರ್ಷಿಕ ಸಂಚಿಕೆಗೆ ಪ್ರತಿ ಸಲ ಯಾರಾದರೊಬ್ಬರು ಹೊರದೇಶದ ಪ್ರವಾಸ ಬರೆಯಬೇಕು. ಹೋದ ವರ್ಷ ಸ್ವಿಟ್ಜರ್ಲೆಂಡಿನ ಹಿಮ ಓದಿದಿರಿ, ಅದರ ಹಿಂದಿನ ವರ್ಷ ಸಿಂಗಪುರದ ಶುಚಿತ್ವ. ಈ ಸಲ ನನ್ನ ಸರದಿ, ನಾನು ಹೋದದ್ದು ಅರಸೀಕೆರೆಗೆ. ನಗಬೇಡಿ. ಹದಿನೆಂಟು ವರ್ಷದಿಂದ ಇಲ್ಲಿ ಬಾಡಿಗೆ ಕಟ್ಟಿಕೊಂಡು, ಇಲ್ಲಿನ ಫೋಟೋ ಲ್ಯಾಬಿನಲ್ಲಿ ಬೇರೆಯವರ ಮದುವೆ, ನಾಮಕರಣ, ಒಂಟೆ ಸವಾರಿಗಳ ರೀಲು ತೊಳೆದುಕೊಂಡು ಬದುಕಿದವನಿಗೆ ಮನೆ ಅಂದರೆ ಇದೇ. ಹುಟ್ಟಿದ್ದು ಮೈಸೂರಿನಲ್ಲಾದರೂ ಹಾಸನ ಜಿಲ್ಲೆಗೆ ಕಾಲಿಟ್ಟಿರಲಿಲ್ಲ, ಹಾಗಾಗಿ ಅದು ನನಗೆ ಪರದೇಶವೇ. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇದರಲ್ಲಿ ಶಿಲ್ಪಕಲೆಯ ವರ್ಣನೆ ಕಮ್ಮಿ, ನನ್ನ ನಾಚಿಕೆಗೇಡಿನ ಸಂಗತಿಯೇ ಜಾಸ್ತಿ. ಬೇಡ ಅನ್ನುವವರು ಪುಟ ತಿರುಗಿಸಿ ಅಡುಗೆ ವಿಭಾಗಕ್ಕೆ ಹೋಗಬಹುದು.

ಪ್ರವಾಸಕ್ಕೆ ಕಾರಣ ಒಂದು ಗಾಜು. ಅಂಗೈಯಲ್ಲಿ ಮುಚ್ಚಿಡಬಹುದಾದ ಒಂದು ದುಂಡನೆಯ ಕಪ್ಪು ಗಾಜು. ನ್ಯೂಟ್ರಲ್ ಡೆನ್ಸಿಟಿ ಫಿಲ್ಟರ್ ಅಂತ ಉದ್ದನೆಯ ಹೆಸರು, ನಮ್ಮ ಕಸುಬಿನವರು ಎನ್‌ಡಿ ಅನ್ನುತ್ತಾರೆ. ಲೆನ್ಸಿನ ಮೂತಿಗೆ ಇದನ್ನು ತಿರುಗಿಸಿ ಕೂರಿಸಿದರೆ ಬಣ್ಣ ಯಾವುದೂ ಕೆಡುವುದಿಲ್ಲ, ಬೆಳಕು ಮಾತ್ರ ಸಾವಿರದಲ್ಲಿ ಒಂದು ಪಾಲು ಒಳಗೆ ಹೋಗುತ್ತದೆ. ಹಾಡುಹಗಲಲ್ಲೂ ಎರಡು ಮೂರು ನಿಮಿಷ ಕ್ಯಾಮೆರಾದ ಬಾಗಿಲು ತೆರೆದಿಟ್ಟುಕೊಂಡು ಕೂತರೆ ತಾನೇ ಚಿತ್ರ ಮೂಡುತ್ತದೆ. ಅಷ್ಟು ಹೊತ್ತಿನಲ್ಲಿ ಎದುರಿಗೆ ಓಡಾಡುವ ಜನ ರೀಲಿನ ಮೇಲೆ ನಿಲ್ಲುವುದೇ ಇಲ್ಲ. ಕಲ್ಲು ನಿಲ್ಲುತ್ತದೆ, ಗೋಡೆ ನಿಲ್ಲುತ್ತದೆ, ನಡೆದಾಡಿದವರೆಲ್ಲ ಮಾಯ. ಬೇಲೂರು, ಹಳೇಬೀಡುಗಳನ್ನು ಒಂದು ನರಪಿಳ್ಳೆಯೂ ಇಲ್ಲದಂತೆ ತೆಗೆದು ನಮ್ಮ ಸಂಘದ ಕ್ಯಾಲೆಂಡರಿಗೆ ಕೊಡಬೇಕು, ನೋಡಿದವರು ಬೆಪ್ಪಾಗಬೇಕು ಅಂತ ನನ್ನ ಆಸೆ. ರಜೆ ಸಿಕ್ಕಿದ್ದು ಹನ್ನೆರಡೇ ದಿನ.

ರೈಲಿಳಿದು ಅರಸೀಕೆರೆ ಬಸ್ ಸ್ಟ್ಯಾಂಡಿಗೆ ಬಂದೆ. ಅಲ್ಲಿಯವರು ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಾರೆ. ಹಾಗೆ ಬಿದ್ದ ಟವೆಲ್ಲನ್ನು ಯಾರೂ ಸರಿಸುವುದಿಲ್ಲ, ಅದು ರಿಜಿಸ್ಟ್ರಿ ಆದಷ್ಟೇ ಭದ್ರ. ನನ್ನ ಬಳಿ ಟವೆಲ್ ಇರಲಿಲ್ಲ, ಹೆಗಲ ಮೇಲೆ ಕ್ಯಾಮೆರಾದ ಮೂರು ಕಾಲಿನ ಸ್ಟ್ಯಾಂಡ್ ಇತ್ತು. ಅದನ್ನು ಕಂಡ ಗಂಡಸಿ ಕಡೆಯ ಯಜಮಾನರೊಬ್ಬರು ತಮ್ಮ ಟವೆಲ್ ತೆಗೆದು ಕಿಟಕಿ ಪಕ್ಕ ಜಾಗ ಮಾಡಿಕೊಟ್ಟರು.

“ಸರ್ವೇಗೆ ಬಂದಿದೀರಾ ಸ್ವಾಮಿ? ಜಾವಗಲ್ ರಸ್ತೆ ಅಗಲ ಮಾಡ್ತಾರಂತೆ. ನಮ್ಮ ಬೀಗರದು ನಾಕು ತೆಂಗಿನಮರ ಹೋಯ್ತವೆ ಅಂತಾವ್ರೆ, ನಿಜ್ವಾ?”

ಇಲ್ಲ, ನಾನು ಫೋಟೋದವನು ಅನ್ನಬೇಕಿತ್ತು. ಅಂದರೆ ಎದ್ದು ನಿಲ್ಲಬೇಕಾದೀತು ಅನ್ನಿಸಿ, “ನೋಡೋಣ” ಅಂದೆ. ಜಾವಗಲ್ಲಿನಲ್ಲಿ ಇಳಿಯುವಾಗ ಅವರು ಕೈ ಮುಗಿದು, “ಒಂಚೂರು ನೋಡ್ಕಳಿ ಬುದ್ಧಿ, ಫಲ ಬಿಡೋ ಮರ” ಅಂದರು. ಕಿವಿ ಬಿಸಿಯಾಯಿತು. ಆದರೂ ಕಿಟಕಿ ಪಕ್ಕದ ಗಾಳಿ ಹಿತವಾಗಿಯೇ ಇತ್ತು.

ಬೇಲೂರು

ಬೇಲೂರಿನಲ್ಲಿ ಮೂರು ದಿನ ಬೆಳಿಗ್ಗೆ ಸಂಜೆ ಗುಡಿಯ ಮುಂದೆ ಕಾಲು ಸುಟ್ಟುಕೊಂಡೆ. ಅನುಮತಿ ಪತ್ರವನ್ನು ಮೊದಲೇ ಬರೆದು ತರಿಸಿಕೊಂಡಿದ್ದರಿಂದ ಸ್ಟ್ಯಾಂಡ್ ಇಡಲು ತಕರಾರಿರಲಿಲ್ಲ. ಚಪ್ಪಲಿ ಬಿಡಬೇಕು, ಹನ್ನೊಂದು ಗಂಟೆಯ ಹೊತ್ತಿಗೆ ಕಲ್ಲು ಹಾಸು ಕಾದ ಹೆಂಚು. ಜನ ಅದರ ಮೇಲೆ ತುದಿಗಾಲಲ್ಲಿ ಕುಣಿಯುತ್ತ ಹೋಗುತ್ತಿದ್ದರು. ಅಲುಗಾಡುವವರು ನನಗೆ ಒಳ್ಳೆಯದೇ. ಕೂತವರು, ನಿಂತವರು, ಕಂಬಕ್ಕೆ ಒರಗಿ ಕಡ್ಲೆಕಾಯಿ ತಿನ್ನುವವರು ನನ್ನ ವೈರಿಗಳು. “ಸ್ವಲ್ಪ ನಡೀರಿ ಸಾರ್, ಸ್ವಲ್ಪ ನಡೀರಿ ತಾಯಿ” ಅಂತ ಹಿಂದೆ ಬಿದ್ದು ಎಬ್ಬಿಸಿದೆ. ಮೊಮ್ಮಗುವಿಗೆ ಹಾಲು ಕುಡಿಸುತ್ತಿದ್ದ ಒಬ್ಬಾಕೆಯನ್ನೂ ಎಬ್ಬಿಸಿದೆ.

ಅಲ್ಲೇ ಓಡಾಡುತ್ತಿದ್ದ ಅರ್ಚಕರೊಬ್ಬರು ಎರಡು ದಿನ ನೋಡಿ ಮೂರನೆಯ ದಿನ ತಡೆಯಲಾರದೆ ಕೇಳಿದರು. “ಏನ್ರೀ ಇದು, ಅಷ್ಟು ದೂರದಿಂದ ಬಂದು ಜನ ಬೇಡ ಜನ ಬೇಡ ಅಂತೀರಿ. ಜನ ಬರಲಿ ಅಂತ ತಾನೆ ದೇವಸ್ಥಾನ ಕಟ್ಟಿರೋದು?”

“ಚಿತ್ರ ಶುದ್ಧವಾಗಿರುತ್ತೆ ಸ್ವಾಮಿ” ಅಂದೆ.

“ಶುದ್ಧ!” ಅಂದು ಅವರು ನಕ್ಕು ತೀರ್ಥ ಕೊಟ್ಟರು. ನನಗೆ ಸಿಟ್ಟು ಬಂತು, ಇವರಿಗೇನು ಗೊತ್ತು ನಮ್ಮ ಕಸುಬು ಅನ್ನಿಸಿತು.

ಹಳೇಬೀಡು, ಬಸದಿ

ಹಳೇಬೀಡಿನಲ್ಲಿ ಎಲ್ಲರೂ ದೊಡ್ಡ ದೇವಸ್ಥಾನಕ್ಕೆ ನುಗ್ಗುತ್ತಾರೆ. ಅಲ್ಲಿಂದ ಸ್ವಲ್ಪ ದೂರದ ಜೈನ ಬಸದಿಗಳಿಗೆ ಬರುವವರು ಕಮ್ಮಿ. ಬರಲಿ ಬಿಡಲಿ, ಪಾರ್ಶ್ವನಾಥ ಬಸದಿಯ ಒಳಗಿನ ಕಂಬಗಳನ್ನು ನೋಡದೆ ಸಾಯಬಾರದು. ಕರಿಕಲ್ಲನ್ನು ಎಷ್ಟು ನುಣ್ಣಗೆ ಉಜ್ಜಿದ್ದಾರೆಂದರೆ ಅದರಲ್ಲಿ ಮುಖ ನೋಡಿಕೊಂಡು ತಲೆ ಬಾಚಬಹುದು. ನಾನು ಹೊರಗೆ, ಬಸದಿಯ ಮುಂದಿನ ಮಂಟಪಕ್ಕೆ ಎದುರಾಗಿ ಸ್ಟ್ಯಾಂಡ್ ಹೂಡಿದ್ದೆ. ಕಪ್ಪು ಗಾಜು ಹಾಕಿದ ಮೇಲೆ ಕ್ಯಾಮೆರಾದಲ್ಲಿ ಕಣ್ಣಿಟ್ಟರೆ ಏನೂ ಕಾಣುವುದಿಲ್ಲ. ಹಾಗಾಗಿ ಮೊದಲು ಗಾಜಿಲ್ಲದ ಬರೀ ಲೆನ್ಸಿನಲ್ಲಿ ಕೋನ ಹಿಡಿದು, ಬಿಗಿ ಮಾಡಿ, ಉಸಿರು ಬಿಗಿಹಿಡಿದು ಗಾಜು ತಿರುಗಿಸಬೇಕು. ಕೈ ಕೊಂಚ ತಾಗಿದರೂ ಮೊದಲಿನಿಂದ ಮಾಡಬೇಕು. ಆವತ್ತು ಕೋನ ಹಿಡಿದು ಗಾಜು ಕೂರಿಸುವುದಕ್ಕೇ ಅರ್ಧ ಗಂಟೆ ಹಿಡಿದಿತ್ತು. ಮೋಡ ಬೇರೆ ಏರಿ ಬರುತ್ತಿತ್ತು.

ಆಗ ಮೂವರು ಪೂಜೆ ಮುಗಿಸಿ ಹೊರಗೆ ಬಂದರು. ಐವತ್ತು ದಾಟಿದ, ಕೆಂಪು ಅಂಚಿನ ಸೀರೆಯ ಹೆಂಗಸು, ಅವರಿಗಿಂತ ಹತ್ತು ಹನ್ನೆರಡು ವರ್ಷ ಕಿರಿಯ ಗಂಡಸು, ಆತನ ಹೆಂಡತಿ. ಗಂಡಸಿನ ಹೆಸರು ಪದ್ಮರಾಜಯ್ಯ, ಊರಲ್ಲಿ ಒಂದು ದಿನಸಿ ಅಂಗಡಿ, ಒಂದಿಷ್ಟು ತೆಂಗು. ಹೆಂಗಸು ಅವರ ಅಕ್ಕ ಚಂದ್ರಮತಿ, ಪ್ರೈಮರಿ ಸ್ಕೂಲಿನ ಮೇಡಂ ಆಗಿದ್ದವರು, ಆ ತಿಂಗಳಷ್ಟೇ ಕೆಲಸ ಬಿಟ್ಟಿದ್ದರು.

ಪದ್ಮರಾಜಯ್ಯ ಕುತೂಹಲದ ಮನುಷ್ಯ. ಇದೇನು, ಅದೇನು, ಕರೀ ಗಾಜು ಯಾಕೆ ಅಂತ ಕೇಳಿದರು. ನನಗೂ ಜಂಬ ಕೊಚ್ಚಿಕೊಳ್ಳಲು ಯಾರಾದರೂ ಬೇಕಿತ್ತು. ಕೈಚೀಲದಲ್ಲಿದ್ದ ಇನ್ನೊಂದು ಗಾಜು ತೆಗೆದು ಕೊಟ್ಟು ವಿವರಿಸಿದೆ. ಚಂದ್ರಮತಿ ಮೇಡಂ ಅದನ್ನು ಕಣ್ಣಿಗೆ ಹಿಡಿದು ಮರದ ಕಡೆ ನೋಡಿದರು.

“ಗ್ರಹಣದ ದಿನ ಮಕ್ಕಳಿಗೆ ಎಕ್ಸ್‌ರೇ ಹಾಳೆ ಹಿಡಿದು ತೋರಿಸ್ತಿದ್ವಿ, ಹಂಗಿದೆ. ಅಂದ್ರೆ ಇದನ್ನ ಹಾಕ್ಕೊಂಡು ಟಕ್ ಅಂತ ಒತ್ತಿದ್ರೆ ಏನೂ ಬರಲ್ಲ ಅನ್ನಿ?”

“ಬರಲ್ಲ. ಬರೀ ಕಪ್ಪು” ಅಂದೆ. ಎಷ್ಟು ಬೇಗ ತಿಳಿದುಕೊಂಡರು ಅಂತ ಮೆಚ್ಚಿಕೆಯೂ ಆಯಿತು.

ಆಮೇಲೆ ಪದ್ಮರಾಜಯ್ಯ ನನ್ನನ್ನು ಒಂದು ಪಕ್ಕಕ್ಕೆ ಕರೆದರು. ದನಿ ತಗ್ಗಿತ್ತು.

“ಸಾರ್, ಒಂದು ಉಪಕಾರ ಆಗ್ಬೇಕು. ಅಕ್ಕ ನಾಳೆ ಬೆಳಿಗ್ಗೆ ಹೊರಡ್ತಾರೆ. ಮುಂದಿನ ವಾರ ದೀಕ್ಷೆ ತಗೊಳ್ತಾರೆ. ತಲೆಕೂದಲು ಕಿತ್ತು, ಬಿಳಿ ಸೀರೆ ಉಟ್ಟು, ಹೆಸರೂ ಬಿಟ್ಟು ಹೋಗ್ತಾರೆ. ಆಮೇಲೆ ಊರಿಗೆಲ್ಲ ಮಾತಾಜಿ, ನಂಗೆ ಅಕ್ಕ ಅಂತ ಕರೆಯಂಗಿಲ್ಲ. ನಮ್ಮಮ್ಮ ತೀರ್ಕೊಂಡಾಗ ನಂಗೆ ಎರಡು ವರ್ಷ, ಅಮ್ಮನ ಮುಖ ಹೆಂಗಿತ್ತು ಅಂತಾನೇ ಗೊತ್ತಿಲ್ಲ, ಒಂದು ಫೋಟೋ ಇಲ್ಲ. ನನ್ನ ಸಾಕಿದ್ದು ಇವ್ರೇ, ತಾವು ಮದುವೆನೂ ಆಗ್ಲಿಲ್ಲ. ಇವ್ರ ಜೊತೆ ನಂದೊಂದು ಫೋಟೋ ಇಲ್ಲ ಸಾರ್. ಒಂದು ತಿಂಗಳಿಂದ ಗೋಗರೀತಿದೀನಿ. ನಮ್ಮೂರ ಸ್ಟುಡಿಯೋದವ್ನು ಇವತ್ತು ಜಾವಗಲ್ಲಿಗೆ ಮದುವೆಗೆ ಹೋಗಿದಾನೆ. ಈಗ ತಾನೆ ಒಳಗೆ ಸ್ವಾಮಿ ಮುಂದೆ ಒಪ್ಕೊಂಡ್ರು, ಒಂದೇ ಒಂದು ಅಂತ.”

ಅಷ್ಟರಲ್ಲಿ ಅಕ್ಕನೇ ಅಲ್ಲಿಂದ ಕೂಗಿ ಹೇಳಿದರು. “ಪದ್ದೂ, ಒಂದೇ ಸಲ ಕಣೋ. ಇರೋದೆಲ್ಲ ಬಿಡ್ತೀನಿ ಅಂತ ಹೊರಟಿರೋಳಿಗೆ ಮುಖ ಒಂದು ಯಾಕೆ ಇಟ್ಕೋಬೇಕು? ನಿಂಗೋಸ್ಕರ ಒಂದು ಸಲ ಕೂತ್ಕೋತೀನಿ. ಇನ್ನೊಂದು ಅಂತ ಕೇಳಿದ್ರೆ ಎದ್ದು ಹೋಗ್ತೀನಿ.”

ಮಂಟಪದ ಮೆಟ್ಟಿಲ ಮೇಲೆ ಮೂವರೂ ಕೂತರು. ಪದ್ಮರಾಜಯ್ಯ ಅಂಗಿಯ ಗುಂಡಿ ಹಾಕಿಕೊಂಡು ಅಕ್ಕನ ಪಕ್ಕಕ್ಕೆ ಸರಿದರು. ನಾನು ಆಕಾಶ ನೋಡಿದೆ. ಮೋಡದಲ್ಲಿ ಒಂದು ಬಿರುಕು, ಐದು ನಿಮಿಷಕ್ಕೆ ಬಿಸಿಲು ಬರುತ್ತದೆ. ಇವರ ಫೋಟೋ ತೆಗೆಯಬೇಕಾದರೆ ಗಾಜು ಬಿಚ್ಚಬೇಕು, ಬಿಚ್ಚಿದರೆ ಕೋನ ಕದಲುತ್ತದೆ, ಮತ್ತೆ ಅರ್ಧ ಗಂಟೆ, ಅಷ್ಟರಲ್ಲಿ ಬೆಳಕು ಹೋಗಿರುತ್ತದೆ. ಇಷ್ಟು ಯೋಚನೆ ಮಾಡಲು ನನಗೆ ಎರಡು ಕ್ಷಣವೂ ಬೇಕಾಗಲಿಲ್ಲ. ಯೋಚನೆ ಅಂತ ಕರೆಯುವುದೂ ತಪ್ಪು, ಅದು ನನ್ನ ಬುದ್ಧಿ ಅಷ್ಟೆ.

ಗಾಜು ಬಿಚ್ಚಲಿಲ್ಲ. ಬಗ್ಗಿ ಕ್ಯಾಮೆರಾಕ್ಕೆ ಕಣ್ಣು ಹಚ್ಚಿದೆ. ಒಳಗೆ ಕತ್ತಲು. ಆ ಕತ್ತಲಿಗೇ “ಸ್ವಲ್ಪ ನಗಿ” ಅಂದೆ. “ಪದ್ಮರಾಜಯ್ಯನವರೇ, ಮುಖ ಮೇಲೆತ್ತಿ” ಅಂದೆ. ಟಕ್ ಅನ್ನಿಸಿದೆ. “ಬಂತು, ಚೆನ್ನಾಗಿ ಬಂತು” ಅಂದೆ.

ಪದ್ಮರಾಜಯ್ಯ ಮೆಟ್ಟಿಲಿಂದ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರು. ನನಗೆ ಮಾತ್ರ ಬಿಸಿಲಿನದೇ ಚಿಂತೆ, “ಸ್ವಲ್ಪ ಆ ಕಡೆ ಬನ್ನಿ, ನಿಂತರೆ ಬಂದುಬಿಡ್ತೀರಿ” ಅಂತ ಅವರನ್ನು ಸರಿಸಿದೆ. ಎರಡೂವರೆ ನಿಮಿಷ ಗಡಿಯಾರ ನೋಡುತ್ತ ನಿಂತೆ. ಒಳ್ಳೇ ಬಿಸಿಲು ಸಿಕ್ಕಿತು.

ಹಳೇಬೀಡು, ಪದ್ಮರಾಜಯ್ಯನವರ ಮನೆ

ಊಟಕ್ಕೆ ಬರಲೇಬೇಕು ಅಂತ ಎಳೆದುಕೊಂಡು ಹೋದರು. ನಾನು ಬೇಡ ಅಂದೆ, ಬಸ್ಸಿದೆ ಅಂದೆ, ಹೊಟ್ಟೆ ಸರಿಯಿಲ್ಲ ಅಂದೆ. ಯಾವ ಸುಳ್ಳೂ ನಾಟಲಿಲ್ಲ, ಬಸದಿಯ ಮುಂದೆ ಹೇಳಿದ್ದು ಮಾತ್ರ ಅಷ್ಟು ಚೆನ್ನಾಗಿ ನಾಟಿತ್ತು.

ಅವರ ಮನೆಯಲ್ಲಿ ನೀರನ್ನು ಬಟ್ಟೆಯಲ್ಲಿ ಸೋಸಿ, ಸೋಸಿದ ಬಟ್ಟೆಯನ್ನು ಮತ್ತೆ ಜೋಪಾನವಾಗಿ ಜಾಲಿಸುತ್ತಾರೆ, ಅದರಲ್ಲಿ ಸಿಕ್ಕ ಹುಳಹುಪ್ಪಡಿಗೂ ನೋವಾಗಬಾರದಂತೆ. ಈರುಳ್ಳಿ ಇಲ್ಲ, ಆಲೂಗಡ್ಡೆ ಇಲ್ಲ, ಮಣ್ಣಿನೊಳಗೆ ಬೆಳೆದದ್ದು ಯಾವುದೂ ಇಲ್ಲ. ಸೌತೆಕಾಯಿ ಹುಳಿ, ಹೆಸರುಬೇಳೆ ಪಾಯಸ, ಹಪ್ಪಳ. ಮಸ್ಕತ್ತಿನಲ್ಲಿ ವರ್ಷಗಟ್ಟಲೆ ಇಂಥ ಊಟಕ್ಕೆ ಬಾಯಿ ಬಿಟ್ಟವನು ನಾನು. ಎರಡನೆಯ ಸಲ ಬಡಿಸಲು ಬಂದಾಗ ಎಲೆಗೆ ಕೈ ಅಡ್ಡ ಹಿಡಿದೆ.

ಬಡಿಸಿದವರು ಚಂದ್ರಮತಿ ಮೇಡಂ. ಅದು ಆ ಮನೆಯಲ್ಲಿ ಅವರು ಕೊನೆಯ ಸಲ ಬಡಿಸಿದ ಊಟ. ಪದ್ಮರಾಜಯ್ಯನ ಹೆಂಡತಿ ಬಾಗಿಲ ಹಿಂದೆ ನಿಂತು ಸೆರಗಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದರು. ಪದ್ಮರಾಜಯ್ಯ ಮಾತ್ರ ಖುಷಿಯಾಗಿದ್ದರು. ಫೋಟೋ ಎಲ್ಲಿ ಹಾಕಬೇಕು ಅಂತ ಗೋಡೆ ತೋರಿಸಿದರು. ಬಿಸಿಲು ಬೀಳದ ಗೋಡೆ ಯಾವುದು, ಬಣ್ಣ ಬಿಳಿಚಿಕೊಳ್ಳದ ಹಾಗೆ ಕಟ್ಟು ಹೇಗೆ ಹಾಕಿಸಬೇಕು ಅಂತ ನನ್ನನ್ನೇ ಕೇಳಿದರು. ನಾನು ಲ್ಯಾಬಿನವನಲ್ಲವೇ, ಎಲ್ಲ ವಿವರವಾಗಿ ಹೇಳಿಕೊಟ್ಟೆ. ಥೂ!

ಆಗಲೂ ಕಾಲ ಮಿಂಚಿರಲಿಲ್ಲ ನೋಡಿ. ರೀಲಿನಲ್ಲಿ ಇನ್ನೂ ಐದು ಚಿತ್ರದ ಜಾಗವಿತ್ತು. ಹೊರಗೆ ಬೆಳಕಿತ್ತು. “ತಪ್ಪಾಯ್ತು, ಗಾಜು ತೆಗೆಯೋಕೆ ಮರೆತೆ, ಇನ್ನೊಂದು ಸಲ ಕೂತ್ಕೊಳ್ಳಿ ತಾಯಿ” ಅಂದಿದ್ದರೆ ಆಕೆ ಎದ್ದು ಹೋಗುತ್ತಿರಲಿಲ್ಲ ಅಂತ ಈಗ ಖಂಡಿತ ಅನ್ನಿಸುತ್ತದೆ. ಗಾಜು ಬಿಚ್ಚದೆಯೂ ತೆಗೆಯಬಹುದಿತ್ತು. ಆಕೆ ದಿನಾ ಧ್ಯಾನಕ್ಕೆ ಕೂತರೆ ಮುಕ್ಕಾಲು ಗಂಟೆ ರೆಪ್ಪೆ ಅಲುಗಾಡುವುದಿಲ್ಲವಂತೆ, ಪದ್ಮರಾಜಯ್ಯ ಊಟದ ನಡುವೆ ಹೇಳಿದರು. ಎರಡೂವರೆ ನಿಮಿಷ ಆಕೆಗೆ ಯಾವ ಲೆಕ್ಕ? ಆದರೆ ಆ ಐದು ಚಿತ್ರಗಳನ್ನು ಸಂಜೆ ದೊಡ್ಡ ದೇವಸ್ಥಾನದ ಹಿಂಗೋಡೆಗೆ ಇಟ್ಟುಕೊಂಡಿದ್ದೆ. ಅದಕ್ಕಿಂತ ಹೆಚ್ಚಾಗಿ, ಮೊದಲನೆಯದು ಸುಳ್ಳು ಅಂತ ಒಪ್ಪಿಕೊಳ್ಳಬೇಕಾಗುತ್ತಿತ್ತು.

ಹೊರಡುವಾಗ ಮೇಡಂ ಬಾಗಿಲ ತನಕ ಬಂದರು.

“ನಿಮ್ಮ ಬಸದಿ ಚಿತ್ರ ಚೆನ್ನಾಗಿ ಆಯ್ತಾ?”

“ಆಯ್ತು ಮೇಡಂ.”

“ಅದರಲ್ಲಿ ನಾವು ಯಾರೂ ಬಂದಿಲ್ಲ ತಾನೆ?”

“ಇಲ್ಲ ಇಲ್ಲ, ನಿಮ್ಮದು ಬೇರೆ ತೆಗೆದಿದೀನಲ್ಲ.”

ಅವರು ನನ್ನ ಮುಖ ಒಂದು ಗಳಿಗೆ ನೋಡಿದರು. “ಸರಿ, ಹುಷಾರಾಗಿ ಹೋಗಿಬನ್ನಿ. ಬಸ್ಸಲ್ಲಿ ತಿನ್ನೋಕೆ” ಅಂತ ಕೊಬ್ಬರಿ ಮಿಠಾಯಿಯ ಪೊಟ್ಟಣ ಕೈಗಿಟ್ಟರು. ಪದ್ಮರಾಜಯ್ಯ ತಮ್ಮ ವಿಳಾಸವನ್ನು ದುಂಡನೆಯ ಅಕ್ಷರದಲ್ಲಿ ಬರೆದು, ಎರಡು ಸಲ ಓದಿಸಿ, ನನ್ನ ಜೇಬಿಗೆ ತಾವೇ ತುರುಕಿದರು.

ಮಸ್ಕತ್

ಮನೆಗೆ ಬಂದ ಮಾರನೆಯ ದಿನವೇ ರೀಲುಗಳನ್ನು ನಾನೇ ತೊಳೆದೆ. ಬೇಲೂರು ಅದ್ಭುತವಾಗಿ ಬಂದಿತ್ತು. ಬಸದಿ ಅದಕ್ಕಿಂತ ಚೆನ್ನಾಗಿತ್ತು, ಪ್ರತಿ ಮೆಟ್ಟಿಲೂ ಎಣಿಸಬಹುದು, ಒಬ್ಬರೂ ಇಲ್ಲ. ಅದರ ಹಿಂದಿನ ನೆಗೆಟಿವ್ ಮೇಲೆ ಬೆಳಕೇ ಬಿದ್ದಿರಲಿಲ್ಲ, ಖಾಲಿ ಪ್ಲಾಸ್ಟಿಕ್ಕಿನ ಹಾಗೆ ಬೋಳಾಗಿತ್ತು. ದೀಪಕ್ಕೆ ಹಿಡಿದು ತಿರುಗಿಸಿ ಮುರುಗಿಸಿ ನೋಡಿದೆ. ನೆರಳಾದರೂ, ಸೀರೆಯ ಅಂಚಾದರೂ ಇರಬಹುದೇನೋ ಅನ್ನುವ ಆಸೆ. ಹದಿನೆಂಟು ವರ್ಷದ ಲ್ಯಾಬಿನವನಿಗೆ ಅಷ್ಟೂ ಗೊತ್ತಿಲ್ಲವೇ, ಏನೂ ಇರುವುದಿಲ್ಲ ಅಂತ.

ಕ್ಯಾಲೆಂಡರ್ ಬಂತು. ನಿಮ್ಮಲ್ಲಿ ಎಷ್ಟೋ ಜನರ ಮನೆಯಲ್ಲಿ ಈಗಲೂ ನೇತಾಡುತ್ತಿದೆ. “ಅದು ಹೇಗ್ರೀ ಒಬ್ಬರೂ ಇಲ್ಲದ ಹಾಗೆ ತೆಗೆದಿರಿ!” ಅಂತ ಬೆನ್ನು ತಟ್ಟಿದಿರಿ. ನಾನು ಹಲ್ಲು ಕಿರಿದೆ.

ಪದ್ಮರಾಜಯ್ಯನವರಿಗೆ ಎರಡು ತಿಂಗಳು ಬರೆಯಲಿಲ್ಲ. ಕೊನೆಗೆ ಬರೆದೆ. ಏನಂತ? ‘ಲ್ಯಾಬಿನವರ ಅಜಾಗರೂಕತೆಯಿಂದ ತಮ್ಮ ಚಿತ್ರವಿದ್ದ ಭಾಗ ಕೆಟ್ಟುಹೋಯಿತು, ಬಹಳ ವಿಷಾದವಾಗಿದೆ’ ಅಂತ. ಲ್ಯಾಬಿನವನು ನಾನೇ. ಸಮಾಧಾನಕ್ಕೆ ಇರಲಿ ಅಂತ ಬಸದಿಯ ಆ ಚಿತ್ರವನ್ನು ದೊಡ್ಡದು ಮಾಡಿ, ರಟ್ಟು ಇಟ್ಟು, ಜೊತೆಗೆ ಕಳಿಸಿದೆ. ಅದೂ ಒಂದು ಧಾರಾಳತನ ಅಂತ ನನ್ನ ಮನಸ್ಸಿನಲ್ಲಿತ್ತು, ಸುಳ್ಳು ಯಾಕೆ ಹೇಳಲಿ.

ಉತ್ತರ ಬಂತು. ಅದೇ ದುಂಡನೆಯ ಅಕ್ಷರ. ಇದ್ದದ್ದು ಇದ್ದ ಹಾಗೆ ಇಲ್ಲಿ ಬರೆಯುತ್ತೇನೆ:

‘ಕ್ಷೇಮ. ನಿಮ್ಮ ಪತ್ರ ಮತ್ತು ಚಿತ್ರ ತಲುಪಿತು. ದೀಕ್ಷೆಯ ದಿನ, ಎಲ್ಲ ಬಿಡುವುದಕ್ಕೆ ಮೊದಲು, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರ ಹತ್ತಿರ ಕ್ಷಮೆ ಕೇಳುವುದು ನಮ್ಮಲ್ಲಿ ಪದ್ಧತಿ. ಅಕ್ಕ ಎಲ್ಲರ ಮುಂದೆ ನನ್ನ ಹತ್ತಿರ ಕೇಳಿದರು. ಆ ದಿನ ನೀವು ಕರೀ ಗಾಜು ತೆಗೆಯದೆ ಒತ್ತಿದ್ದನ್ನು ಅವರು ನೋಡಿದ್ದರಂತೆ. ನೋಡಿಯೂ ಸುಮ್ಮನಿದ್ದೆ, ಫೋಟೋ ಬರದಿದ್ದರೆ ಒಳ್ಳೆಯದು ಅಂತ ನನಗೇ ಆಸೆಯಿತ್ತು, ನಿನಗೆ ಮೋಸ ಮಾಡಿದೆ, ಹೊಟ್ಟೆಗೆ ಹಾಕಿಕೋ ಅಂದರು. ನನಗೆ ಬೇಜಾರಾಗಲಿಲ್ಲ ಅಂತ ಹೇಳಲಾರೆ. ಎರಡು ದಿನ ಊಟ ಸೇರಲಿಲ್ಲ.

‘ನಿಮ್ಮ ಕಾಗದವನ್ನು ಮನೆಯಲ್ಲಿ ಯಾರಿಗೂ ಓದಿ ಹೇಳಿಲ್ಲ. ನೀವು ಕಳಿಸಿದ ಬಸದಿ ಚಿತ್ರ ಬಹಳ ಚೆನ್ನಾಗಿದೆ. ನಾವು ಕೂತಿದ್ದ ಮೆಟ್ಟಿಲು ಅದರಲ್ಲಿ ಸ್ಪಷ್ಟವಾಗಿ ಇದೆ, ಅಕ್ಕ ಕೂತಿದ್ದು ಬಲಗಡೆಗೆ. ನೀವು ಹೇಳಿದ ಹಾಗೆ ಬಿಸಿಲು ಬೀಳದ ಗೋಡೆಗೆ ಹಾಕಿದ್ದೇನೆ.

‘ಇನ್ನೊಂದು ವಿಷಯ. ಅವರ ತಪ್ಪನ್ನು ಕಂಡೂ ಅವರಿಗೆ ಹೇಳದೆ, ಅವರನ್ನು ಸುಳ್ಳಿನಲ್ಲೇ ಕಳಿಸಿಕೊಟ್ಟೆ, ಅದಕ್ಕೆ ಆ ಮಹನೀಯರ ಹತ್ತಿರವೂ ನನ್ನ ಪರವಾಗಿ ಕ್ಷಮೆ ಕೇಳು ಅಂತ ಅಕ್ಕ ಹೇಳಿದ್ದಾರೆ. ಆದ್ದರಿಂದ ಕೇಳುತ್ತಿದ್ದೇನೆ. ಕ್ಷಮಿಸಿದ್ದೇನೆ ಅಂತ ನೀವು ಒಂದು ಸಾಲು ಬರೆದರೆ ಅವರಿರುವಲ್ಲಿಗೆ ಹೋಗಿ ತಲುಪಿಸಿ ಬರುತ್ತೇನೆ.’

ಲ್ಯಾಬಿನಲ್ಲಿ ಗಿರಾಕಿಗಳು ಕಾಯುತ್ತಿದ್ದರು. ನಾನು ಆ ಕಾಗದ ಹಿಡಿದು ಒಳಗಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ.

ಮೂರು ಸಲ ಬರೆದು ಹರಿದೆ. ಮೊದಲಿಗೆ, ನಾನೇ ಪಾಪಿ, ನೀವು ಯಾಕೆ ಕ್ಷಮೆ ಕೇಳುತ್ತೀರಿ ಅಂತ ನಾಲ್ಕು ಪುಟ ಬರೆದೆ. ಓದಿದರೆ ಅದರ ತುಂಬ ನನ್ನದೇ ಗೋಳು. ಆಕೆ ಕೇಳಿದ್ದು ಒಂದು ಸಾಲು. ಅದಿಲ್ಲದೆ ಆಕೆ ಬಿಟ್ಟದ್ದು ಪೂರ್ತಿ ಬಿಟ್ಟ ಹಾಗಾಗುವುದಿಲ್ಲವೇನೋ, ಆಕೆಯ ಪದ್ಧತಿ ನನಗೇನು ಗೊತ್ತು. ನನ್ನ ತಪ್ಪೊಪ್ಪಿಗೆಯನ್ನು ಬೇರೆ ಹಾಳೆಯಲ್ಲಿ, ಪದ್ಮರಾಜಯ್ಯನವರ ಹೆಸರಿಗೆ, ಲ್ಯಾಬಿನವನೂ ನಾನೇ ಅನ್ನುವುದೂ ಸೇರಿ ಎಲ್ಲ ಬರೆದೆ. ಆಮೇಲೆ ಒಂದು ಬಿಳಿ ಹಾಳೆ ತೆಗೆದುಕೊಂಡು, ಮಾತಾಜಿಯವರಿಗೆ ನಮಸ್ಕಾರ, ಕ್ಷಮಿಸಿದ್ದೇನೆ ಅಂತ ಬರೆದು ಕೆಳಗೆ ನನ್ನ ಹೆಸರು ಹಾಕಿದೆ. ಅಕ್ಷರ ಸೊಟ್ಟಗಾಯಿತು. ಇನ್ನೊಂದು ಸಲ ಬರೆಯುವ ಧೈರ್ಯವಿರಲಿಲ್ಲ, ಹಾಗೇ ಅಂಚೆಗೆ ಹಾಕಿದೆ.